ಸಾನ್ರೆಮೊ: ಕಡಲಿಗೆ ಹೆದರಿ ಗುಡ್ಡ ಹತ್ತಿದ ಊರು

ನವೆಂಬರ್ ಬಂತು ಅಂದ್ರೆ ಇಟಲಿಯ ಮಿಲಾನ್ ಸುತ್ತಮುತ್ತ ಬಿಸಿಲು ಅಪರೂಪ. ಪೋ ನದಿಯ ಬಯಲಿನಲ್ಲಿ ಮಂಜು ಕವಿದರೆ ರಸ್ತೆಯಾಚೆಯ ಕಟ್ಟಡವೂ ಕಾಣುವುದಿಲ್ಲ. ಅಂಥದ್ದೊಂದು ಬೆಳಿಗ್ಗೆ ನಾನೂ ನನ್ನ ಗೆಳೆಯನೂ ಸಾನ್ರೆಮೊಗೆ ಹೋಗಲು ಫ್ರಾನ್ಸ್ ಗಡಿಯ ವೆಂತಿಮಿಲ್ಯಾ ಕಡೆಯ ರೈಲು ಹತ್ತಿದೆವು. ಗೆಳೆಯ ಕುಂದಾಪುರದ ಕಡೆಯವನು, ತೂರಿನ್‌ನಲ್ಲಿ ಓದುತ್ತಿದ್ದಾನೆ. ತಿಂಗಳುಗಟ್ಟಲೆ ಕಡಲು ನೋಡದೆ ಇದ್ದರೆ ಅವನಿಗೆ ಏನೋ ಕಳೆದುಕೊಂಡ ಹಾಗೆ ಆಗುತ್ತದೆ. ಜೆನೊವಾ ಹತ್ತಿರ ಬರುವ ಹೊತ್ತಿಗೆ ಮಂಜೆಲ್ಲ ಬೆಟ್ಟದ ಆಚೆಗೇ ಉಳಿದಿತ್ತು. ಅಲ್ಲಿಂದ ಮುಂದೆ ಸುರಂಗದಿಂದ ಹೊರಬಂದಾಗೆಲ್ಲ ಎಡಗಡೆ ನೀಲಿ ಕಡಲು, ಕಣ್ಣು ಕುಕ್ಕುವ ಬಿಸಿಲು. ಹಾಕಿಕೊಂಡಿದ್ದ ದಪ್ಪ ಕೋಟು ಭಾರ ಅನ್ನಿಸತೊಡಗಿತು.

ಉತ್ತರದ ಚಳಿಗಾಳಿಯನ್ನು ಬೆಟ್ಟಗಳು ತಡೆಯುತ್ತವೆ, ದಕ್ಷಿಣಕ್ಕೆ ಕಡಲು ಬೆಚ್ಚಗಿರುತ್ತದೆ. ಇಷ್ಟೇ ಕಾರಣ. ಇದೊಂದು ಕಾರಣಕ್ಕೆ ಹತ್ತೊಂಬತ್ತನೇ ಶತಮಾನದ ಶ್ರೀಮಂತ ಯುರೋಪು ಈ ತೀರಕ್ಕೆ ಮುಗಿಬಿತ್ತು.

ಸಾನ್ರೆಮೊ ಫ್ರಾನ್ಸ್ ಗಡಿಗೆ ಹತ್ತಿರ, ಲಿಗೂರಿಯಾ ಕರಾವಳಿಯ ಪಶ್ಚಿಮ ತುದಿಯಲ್ಲಿದೆ. ಐವತ್ತು ಸಾವಿರ ಚಿಲ್ಲರೆ ಜನ ಇರುವ ಊರು. ಕ್ಯಾಸಿನೊ, ಹಾಡಿನ ಉತ್ಸವ, ಹೂವು, ಮಿಲಾನ್–ಸಾನ್ರೆಮೊ ಅನ್ನೋ ಸೈಕಲ್ ರೇಸು, ಇವುಗಳಿಂದ ಇಟಲಿಯಲ್ಲಿ ಇದರ ಹೆಸರು ಕೇಳದವರಿಲ್ಲ. ಆದರೆ ಕ್ಯಾಸಿನೊ ಇರುವ ಬೀದಿಯಲ್ಲಿ ನಿಂತು ಕಡಲಿಗೆ ಬೆನ್ನು ಹಾಕಿ ತಲೆ ಎತ್ತಿದರೆ ಬೇರೆಯೇ ಊರು ಕಾಣುತ್ತದೆ. ಗುಡ್ಡದ ಮೇಲೆ ಒಂದರ ಹೆಗಲ ಮೇಲೆ ಒಂದು ಹತ್ತಿ ಕೂತ ಹಾಗೆ ಮನೆಗಳು. ಅದೇ ಲಾ ಪಿನ್ಯಾ. ಪಿನ್ಯಾ ಅಂದ್ರೆ ಪೈನ್ ಮರದ ಕಾಯಿ. ಆ ಕಾಯಿಯ ಹಕ್ಕಳೆಗಳ ಹಾಗೆ ಓಣಿಗಳು ಗುಡ್ಡವನ್ನು ಸುತ್ತು ಸುತ್ತಾಗಿ ಬಳಸಿವೆ.

ಮೇಲಿನ ಊರನ್ನು ಕಟ್ಟಿದವರಿಗೆ ಕಡಲು ಅಂದ್ರೆ ಭಯ. ಕೆಳಗಿನ ಊರನ್ನು ಕಟ್ಟಿದವರು ಕಡಲಿಗಾಗಿಯೇ ಬಂದವರು. ಎರಡರ ನಡುವೆ ಹತ್ತು ನಿಮಿಷದ ನಡಿಗೆ. ಅಷ್ಟು ದಾರಿಯಲ್ಲಿ ಮನುಷ್ಯ ಕಡಲನ್ನು ನೋಡುವ ರೀತಿಯೇ ತಿರುಗಿಬಿಟ್ಟಿದೆ. ನನ್ನನ್ನು ತುಂಬಾ ಕಾಡಿದ್ದು ಇದು.

ನಾವು ಮೊದಲು ಹತ್ತಿದ್ದು ಪಿನ್ಯಾಗೆ. ಕೆಳಗೆ ಸಾನ್ ಸಿರೊ ಕೆಥೆಡ್ರಲ್ ಇದೆ, ಹನ್ನೆರಡನೇ ಶತಮಾನದ್ದು, ಕಲ್ಲಿನ ಗಟ್ಟಿ ಕಟ್ಟಡ. ಅಲ್ಲಿಂದ ಸ್ವಲ್ಪ ಮುಂದೆ ಸಾಂತೊ ಸ್ತೆಫಾನೊ ಬಾಗಿಲು. 1321ರಲ್ಲಿ ಕಟ್ಟಿದ ಚೂಪು ಕಮಾನು. ಕಮಾನಿನ ಒಳಗೆ ಕಾಲಿಟ್ಟ ಕೂಡಲೇ ಬೆಳಕು ಕಮ್ಮಿಯಾಗುತ್ತದೆ, ತಣ್ಣಗಾಗುತ್ತದೆ, ಕೆಳಗಿನ ಸ್ಕೂಟರ್ ಸದ್ದು ನಿಂತುಹೋಗುತ್ತದೆ. ಓಣಿಗಳು ಎಷ್ಟು ಇಕ್ಕಟ್ಟು ಅಂದ್ರೆ ಕೆಲವು ಕಡೆ ಎರಡೂ ಕೈ ಚಾಚಿದರೆ ಎರಡೂ ಬದಿಯ ಗೋಡೆ ಸಿಗುತ್ತದೆ. ಕಾಲಡಿ ಹೊಳೆಯ ದುಂಡು ಕಲ್ಲುಗಳನ್ನು ನೆಟ್ಟ ದಾರಿ, ನಡುವೆ ಇಟ್ಟಿಗೆಯ ಪಟ್ಟಿ. ಮಳೆ ಬಂದಾಗ ಜಾರದಿರಲಿ ಅಂತ ಜನ ಆ ಇಟ್ಟಿಗೆಯ ಮೇಲೆಯೇ ನಡೆದು ನಡೆದು ಅದು ನುಣ್ಣಗಾಗಿದೆ.

ತಲೆ ಎತ್ತಿದರೆ ಮನೆಯಿಂದ ಮನೆಗೆ ಕಮಾನುಗಳು. ಮೊದಲು ನೋಡಿದಾಗ ಬರೀ ಅಲಂಕಾರ ಅನ್ನಿಸುತ್ತದೆ. ಆದರೆ ಅವು ಊರನ್ನು ಹಿಡಿದು ನಿಲ್ಲಿಸಿರುವ ತೋಳುಗಳು. ಈ ತೀರದಲ್ಲಿ ಭೂಮಿ ಆಗಾಗ ನಡುಗುತ್ತದೆ. ಎದುರುಬದುರು ಮನೆಗಳು ಒಂದನ್ನೊಂದು ತಾಂಗಿಕೊಂಡಿದ್ದರೆ ನಡುಗಿದಾಗ ಉರುಳುವುದು ಕಮ್ಮಿ. ಒಂದು ಕಮಾನಿನ ಕೆಳಗೆ ನಿಂತು ಹತ್ತಿರದಿಂದ ನೋಡಿದೆ. ಗಾರೆ ಉದುರಿದ ಕಡೆ ಕಲ್ಲು, ಇಟ್ಟಿಗೆ, ಮತ್ತೆ ಕಲ್ಲು. ಯಾವಾಗಲೋ ಬಿರುಕು ಬಿಟ್ಟಿದ್ದನ್ನು ಯಾರೋ ಮುಚ್ಚಿದ್ದಾರೆ, ಅದರ ಮೇಲೆ ಇನ್ಯಾರೋ ಇನ್ನೊಮ್ಮೆ ಮುಚ್ಚಿದ್ದಾರೆ. ಮೂಲೆಯಲ್ಲಿ ಒಂದು ಕರೆಂಟ್ ಮೀಟರು, ಅದರ ಪಕ್ಕ ಗೂಡಿನಲ್ಲಿ ಮಾತೆ ಮರಿಯಳ ಪುಟ್ಟ ಮೂರ್ತಿ, ಅವಳ ಮುಂದೆ ಪ್ಲಾಸ್ಟಿಕ್ ಹೂವು. ಸಾನ್ ಸೆಬಾಸ್ತಿಯಾನೊ ಹೆಸರಿನ ಓಣಿಯಲ್ಲಂತೂ ಮೇಲೆ ಪೂರ್ತಿ ಮುಚ್ಚಿಗೆಯೇ ಇದೆ. ಮನೆಗಳ ಹೊಟ್ಟೆಯೊಳಗೇ ರಸ್ತೆ ಹಾದುಹೋದ ಹಾಗೆ.

ಸುಮಾರು ಸಾವಿರ ವರ್ಷದ ಹಿಂದೆ ಜನ ತೀರ ಬಿಟ್ಟು ಇಲ್ಲಿಗೆ ಹತ್ತಿದ್ದು ಕಡಲಿನಿಂದ ಬರುತ್ತಿದ್ದ ದಾಳಿಕೋರರಿಗೆ ಹೆದರಿ. ಆಮೇಲೂ ಶತಮಾನಗಳ ಕಾಲ ಆ ಭಯ ಹೋಗಲಿಲ್ಲ. ಹದಿನಾರನೇ ಶತಮಾನದಲ್ಲಿ ಉತ್ತರ ಆಫ್ರಿಕಾದ ಕಡಲ್ಗಳ್ಳರು ಈ ತೀರದ ಊರುಗಳಿಂದ ಜನರನ್ನು ಹೊತ್ತೊಯ್ದು ಗುಲಾಮರನ್ನಾಗಿ ಮಾರಿದ್ದಾರೆ. ದಿಗಂತದಲ್ಲಿ ಹಾಯಿ ಕಂಡರೆ ಮಕ್ಕಳನ್ನು ಎತ್ತಿಕೊಂಡು ಓಡಬೇಕಾಗಿದ್ದ ಕಾಲ ಅದು. ಒಳಗೆ ಬಂದ ಶತ್ರು ದಾರಿ ತಪ್ಪಲಿ ಅಂತಲೇ ಈ ಓಣಿಗಳು ಹೀಗೆ ತಿರುಚಿಕೊಂಡಿವೆ ಅಂತ ಊರವರು ಹೇಳುತ್ತಾರೆ. ನಾವಂತೂ ಫೋನ್ ಕಿಸೆಗೆ ಹಾಕಿಕೊಂಡು ಮೇಲ್ಮುಖವಾಗಿ ಸುಮ್ನೆ ನಡೆದೆವು. ಏರುವ ಮೆಟ್ಟಿಲು ಹಿಡಿದರೆ ಕೊನೆಗೆ ತುದಿ ಸಿಕ್ಕೇ ಸಿಗುತ್ತದೆ.

ತುದಿಯಲ್ಲಿ ರಾಣಿ ಎಲೆನಾ ಹೆಸರಿನ ತೋಟ. ಇಲ್ಲಿ ಹಿಂದೆ ಕೋಟೆ ಇತ್ತು. ಅದನ್ನು ಕೆಡವಿದ ಕತೆ ಕೇಳಿ. 1753ರಲ್ಲಿ ಊರಿನವರು ತಮ್ಮನ್ನು ಆಳುತ್ತಿದ್ದ ಜೆನೊವಾ ಗಣರಾಜ್ಯದ ವಿರುದ್ಧ ದಂಗೆ ಎದ್ದರು. ಜೆನೊವಾ ಸೈನ್ಯ ತಂದು ಅಡಗಿಸಿತು, ಗುಡ್ಡದ ಮೇಲಿನ ಈ ಕೋಟೆಯನ್ನು ಕೆಡವಿಸಿತು. ಆಮೇಲೆ ಬಂದರಿನ ಪಕ್ಕದಲ್ಲಿ ಸಾಂತಾ ತೆಕ್ಲಾ ಅನ್ನೋ ಹೊಸ ಕೋಟೆ ಕಟ್ಟಿಸಿತು. ಆ ಕೋಟೆಯ ಫಿರಂಗಿಗಳು ತಿರುಗಿದ್ದು ಕಡಲಿನ ಕಡೆಗಲ್ಲ, ಊರಿನ ಕಡೆಗೆ. ಗುಡ್ಡದ ಮೇಲೆ ನಿಂತು ಕೆಳಗೆ ಬಂದರಿನಲ್ಲಿ ಆ ಕೋಟೆಯ ಗೋಡೆ ನೋಡಿದಾಗ ಮೈ ಜುಮ್ಮೆಂದಿತು. ಕಡಲಿನಿಂದ ಬರುವವರಿಗೆ ಹೆದರಿ ಗುಡ್ಡ ಹತ್ತಿದವರು, ಕೊನೆಗೆ ತಮ್ಮನ್ನೇ ಆಳುವವರ ತೋಪಿನ ಬಾಯಿ ನೋಡುತ್ತಾ ಬಾಳಬೇಕಾಯಿತು. ಮುಂದೆ ಅದೇ ಕೋಟೆ ಜೈಲಾಯಿತು. ತೊಂಬತ್ತರ ದಶಕದವರೆಗೂ ಅಲ್ಲಿ ಕೈದಿಗಳಿದ್ದರು. ಈಗ ಕಲಾ ಪ್ರದರ್ಶನಗಳು ನಡೆಯುತ್ತವೆ.

ತೋಟದ ಮೇಲೆ ಮದೊನ್ನಾ ದೆಲ್ಲಾ ಕೋಸ್ತಾ ಚರ್ಚು. ಅದರ ಅಂಗಳವನ್ನು ನೋಡದೆ ಯಾರೂ ಇಳಿಯಬಾರದು. ಕಡಲತೀರದಿಂದ ಹೊತ್ತು ತಂದ ಕಪ್ಪು ಬಿಳಿ ಕಲ್ಲುಗಳನ್ನು ಒಂದೊಂದಾಗಿ ನೆಟ್ಟು ಚಿತ್ತಾರ ಮಾಡಿದ್ದಾರೆ. ಈ ಕಡೆಯವರು ಇದಕ್ಕೆ ರಿಸ್ಸೇವು ಅನ್ನುತ್ತಾರೆ, ಇಲ್ಲಿನದ್ದು ಹದಿನೇಳನೇ ಶತಮಾನದ್ದು. ಕೂತು ನೋಡಿದೆ. ಒಂದೊಂದು ಕಲ್ಲೂ ಹೆಬ್ಬೆರಳಿನಷ್ಟು. ಚಪ್ಪಟೆ ಮೈ ಒಳಗೆ, ಅಂಚು ಮೇಲೆ. ಬಳ್ಳಿ ಬಾಗುವ ಕಡೆ ಕಲ್ಲುಗಳೂ ಸಣ್ಣದಾಗುತ್ತಾ ಹೋಗುತ್ತವೆ. ಯಾರೋ ತೀರದಲ್ಲಿ ಕೂತು ಗಾತ್ರ, ಬಣ್ಣ ನೋಡಿ ಆರಿಸಿದ್ದಾರಲ್ಲ, ಆ ತಾಳ್ಮೆಗೆ ಕೈ ಮುಗಿಯಬೇಕು ಅನ್ನಿಸಿತು. ನಾವಿಕರು ಹರಕೆ ಹೊತ್ತು ಬರುತ್ತಿದ್ದ ದೇವಾಲಯ ಇದು. ಕಡಲಿನಲ್ಲಿ ಸಿಕ್ಕಿಹಾಕಿಕೊಂಡಾಗ ನೆನೆಯಲು ಗುಡ್ಡದ ಮೇಲೊಬ್ಬ ತಾಯಿ. ಇದನ್ನು ಗೆಳೆಯನಿಗೆ ವಿವರಿಸುವ ಅಗತ್ಯವೇ ಬೀಳಲಿಲ್ಲ. ಅವನ ಮನೆಯಲ್ಲಿ ದೋಣಿಗೆ ಹೋಗುವವರಿದ್ದಾರೆ.

ಅಲ್ಲಿಂದ ಕೆಳಗೆ ನೋಡಿದರೆ ಹೊಸ ಊರು ಪೂರ್ತಿ ಕಾಣುತ್ತದೆ. ಕೆಂಪು ಹಂಚು, ಆಮೇಲೆ ಕಾಂಕ್ರೀಟ್ ಅಪಾರ್ಟ್‌ಮೆಂಟು, ತಾಳೆ ಮರಗಳ ಸಾಲು, ಬಂದರು, ಬಿಳಿ ದೋಣಿಗಳು.

ಈ ಕೆಳಗಿನ ಊರು ಹುಟ್ಟಿದ್ದು ಬೇಸಿಗೆಯ ಈಜಿಗಾಗಿ ಅಲ್ಲ, ಚಳಿಗಾಲದ ಬಿಸಿಲಿಗಾಗಿ. 1860ರ ಸುಮಾರಿಗೆ ಮೊದಲ ದೊಡ್ಡ ಹೋಟೆಲು ಬಂತು, 1872ರಲ್ಲಿ ರೈಲು ಬಂತು. ಆಗ ಕ್ಷಯಕ್ಕೆ ಔಷಧಿ ಇರಲಿಲ್ಲ. ಬೆಚ್ಚಗಿನ ಜಾಗಕ್ಕೆ ಹೋಗಿ ಅಂತ ಡಾಕ್ಟರುಗಳು ಹೇಳುತ್ತಿದ್ದರು. ಹಾಗಾಗಿ ಇಂಗ್ಲೆಂಡಿನವರು, ಜರ್ಮನರು, ರಷ್ಯನ್ನರು ಬಂದರು. 1874–75ರ ಚಳಿಗಾಲವನ್ನು ರಷ್ಯಾದ ಸಾಮ್ರಾಜ್ಞಿ ಮರಿಯಾ ಅಲೆಕ್ಸಾಂದ್ರೊವ್ನಾ ಇಲ್ಲೇ ಕಳೆದರು. ಊರಿಗೆ ತಾಳೆ ಮರಗಳನ್ನು ಕೊಟ್ಟರು. ಕಡಲಬದಿಯ ರಸ್ತೆಗೆ ಇವತ್ತಿಗೂ ಸಾಮ್ರಾಜ್ಞಿಯ ಬೀದಿ ಅಂತಲೇ ಹೆಸರು.

ಆ ಮರಗಳ ಬಗ್ಗೆ ಒಂದು ಮಾತು ಹೇಳಬೇಕು. ಇತ್ತೀಚಿನ ವರ್ಷಗಳಲ್ಲಿ ಈ ಇಡೀ ತೀರದಲ್ಲಿ ತಾಳೆ ಜಾತಿಯ ಮರಗಳು ಸಾಲುಸಾಲಾಗಿ ಸತ್ತಿವೆ. ಕಾರಣ ಕೆಂಪು ಮೂತಿ ಹುಳು. ನಮ್ಮಲ್ಲಿ ತೆಂಗು ಬೆಳೆಯುವವರಿಗೆ ಚೆನ್ನಾಗಿ ಗೊತ್ತು ಅಲ್ವಾ, ಸುಳಿಯನ್ನು ಒಳಗಿಂದಲೇ ಕೊರೆದು ತಿನ್ನುವ ಅದೇ ಹುಳು. ಏಷ್ಯಾದ ಕಡೆಯದು. ಅಲಂಕಾರದ ಮರಗಳನ್ನು ದೇಶದಿಂದ ದೇಶಕ್ಕೆ ಸಾಗಿಸುವಾಗ ಮೆಡಿಟರೇನಿಯನ್ ತೀರಕ್ಕೆ ಬಂದು ಸೇರಿಕೊಂಡಿತು. ಸಾಲಿನ ನಡುವೆ ಬೋಳಾದ ಕಾಂಡ ಕಂಡಾಗ ಗೆಳೆಯ ಹತ್ತಿರ ಹೋಗಿ ರಂಧ್ರ ಹುಡುಕಿದ. "ನಮ್ಮನಿ ತೋಟದಗೂ ಹೀಗೇ" ಅಂದ.

ಸಾಮ್ರಾಜ್ಞಿ ಬಂದು ಹೋದ ಮೇಲೆ ರಷ್ಯನ್ನರ ಬಳಗ ಬೆಳೆಯಿತು. 1913ರಲ್ಲಿ ಕ್ಯಾಸಿನೊ ಹತ್ತಿರ ಅವರದ್ದೊಂದು ಚರ್ಚು ಎದ್ದಿತು. ಬಣ್ಣದ ಗುಮ್ಮಟಗಳದ್ದು. ಅದರ ಮೂಲ ನಕ್ಷೆ ಅಲೆಕ್ಸೇಯ್ ಶ್ಚೂಸೆವ್ ಅವರದ್ದು. ಮುಂದೆ ಮಾಸ್ಕೋದಲ್ಲಿ ಲೆನಿನ್ ಸಮಾಧಿಯನ್ನು ವಿನ್ಯಾಸ ಮಾಡಿದ್ದೂ ಇವರೇ. ಇದರ ನೆಲಮಾಳಿಗೆಯಲ್ಲಿ ಮೊಂಟೆನೆಗ್ರೊದ ಕೊನೆಯ ರಾಜ ನಿಕೊಲಾ ಮತ್ತು ಅವರ ರಾಣಿಯ ದೇಹಗಳು 1989ರವರೆಗೆ ಇದ್ದವು. ದೇಶ ಬಿಟ್ಟು ಬಂದು ಪರದೇಶದಲ್ಲೇ ಸತ್ತ ರಾಜ. ಆಮೇಲೆ ಅವರನ್ನು ಅವರ ನೆಲಕ್ಕೆ ಒಯ್ದರು. ಗುಡ್ಡದ ತುದಿಯ ತೋಟಕ್ಕೆ ಎಲೆನಾ ಅಂತ ಹೆಸರಿದೆ ಅಂದೆನಲ್ಲ, ಇಟಲಿಯ ರಾಣಿಯಾಗಿದ್ದ ಆ ಎಲೆನಾ ಇದೇ ನಿಕೊಲಾ ಅವರ ಮಗಳು. ಮೇಲೆ ಮಗಳ ತೋಟ, ಕೆಳಗೆ ಅಪ್ಪನ ಸಮಾಧಿ.

ರೋಗಿಗಳ ಪೈಕಿ ಎಲ್ಲರಿಗಿಂತ ದೊಡ್ಡ ಹೆಸರು ಜರ್ಮನಿಯ ಯುವರಾಜ ಫ್ರೆಡ್ರಿಕ್ ಅವರದ್ದು. ಗಂಟಲಿನ ಕ್ಯಾನ್ಸರ್. 1887ರ ನವೆಂಬರ್‌ನಲ್ಲಿ ಇಲ್ಲಿಗೆ ಬಂದರು. 1888ರ ಮಾರ್ಚ್‌ನಲ್ಲಿ ತಂದೆ ತೀರಿಕೊಂಡ ಸುದ್ದಿ ತಲುಪಿದಾಗ ಅವರು ಸಾನ್ರೆಮೊದಲ್ಲೇ ಇದ್ದರು. ಚಕ್ರವರ್ತಿಯಾದರು, ಆದರೆ ಮಾತಾಡಲು ದನಿ ಇರಲಿಲ್ಲ. ಆಳಿದ್ದು 99 ದಿನ. ಆಮೇಲೆ ಬಂದ ಮಗನೇ ಮೊದಲ ಮಹಾಯುದ್ಧದ ಕಾಲದ ಎರಡನೇ ವಿಲ್ಹೆಲ್ಮ್.

ಊರಿನ ಪೂರ್ವಕ್ಕೆ ನಡೆದರೆ ಆಲ್ಫ್ರೆಡ್ ನೊಬೆಲ್ ಅವರ ಮನೆ. ನಾನು ಸಾನ್ರೆಮೊಗೆ ಹೋಗಬೇಕು ಅಂದುಕೊಂಡಿದ್ದೇ ಇದಕ್ಕಾಗಿ. 1891ರಲ್ಲಿ ಅವರು ಪ್ಯಾರಿಸ್ ಬಿಟ್ಟು ಇಲ್ಲಿ ಮನೆ ಕೊಂಡರು. ಸುತ್ತ ತೋಟ, ಎದುರು ಕಡಲು. ತೋಟದಲ್ಲೇ ಪ್ರಯೋಗಶಾಲೆ ಕಟ್ಟಿಸಿಕೊಂಡರು. ಕಡಲಿನೊಳಕ್ಕೆ ಚಾಚಿದ ಕಟ್ಟೆಯ ಮೇಲಿಂದ ಗುಂಡು ಹಾರಿಸಿ ಸಿಡಿಮದ್ದಿನ ಪರೀಕ್ಷೆ ನಡೆಸುತ್ತಿದ್ದರು. ವಿಶ್ರಾಂತಿಗೆ ಅಂತ ಬಂದ ನೆರೆಯವರಿಗೆ ಅದು ಹಿಡಿಸುತ್ತಿರಲಿಲ್ಲ. 1896ರ ಡಿಸೆಂಬರ್ 10ರಂದು ಇದೇ ಮನೆಯಲ್ಲಿ ತೀರಿಕೊಂಡರು. ಹತ್ತಿರ ಬಂಧುಗಳು ಯಾರೂ ಇರಲಿಲ್ಲ, ಇದ್ದವರು ಮನೆಯ ಆಳುಗಳು. ಅದಕ್ಕೆ ಹಿಂದಿನ ವರ್ಷ ಪ್ಯಾರಿಸ್‌ನಲ್ಲಿ ಬರೆದಿಟ್ಟಿದ್ದ ಉಯಿಲಿನಿಂದ ನೊಬೆಲ್ ಬಹುಮಾನ ಹುಟ್ಟಿತು.

ಪ್ರತಿ ವರ್ಷ ಡಿಸೆಂಬರ್ 10ಕ್ಕೇ ಬಹುಮಾನ ಕೊಡುವುದು ಅವರು ಸತ್ತ ದಿನ ಅದು ಅನ್ನುವ ಕಾರಣಕ್ಕೆ. 1930ರ ಡಿಸೆಂಬರ್ 10ರಂದು ಸ್ಟಾಕ್‌ಹೋಮ್‌ನಲ್ಲಿ ಸಿ.ವಿ. ರಾಮನ್ ಅವರು ಬಹುಮಾನ ತೆಗೆದುಕೊಂಡರು. ಮೂರು ವರ್ಷದ ನಂತರ ಬೆಂಗಳೂರಿಗೆ ಬಂದು, ಸಾಯುವವರೆಗೂ ಬೆಂಗಳೂರಿನಲ್ಲೇ ಉಳಿದರು. ಚಿಕ್ಕಂದಿನಲ್ಲಿ ಮೇಕ್ರಿ ಸರ್ಕಲ್ ಕಡೆ ಬಸ್ಸಿನಲ್ಲಿ ಹೋಗುವಾಗ ಅಪ್ಪ ರಾಮನ್ ಸಂಶೋಧನಾ ಸಂಸ್ಥೆಯ ಮರಗಳನ್ನು ತೋರಿಸುತ್ತಿದ್ದರು. ಕಡಲು ಯಾಕೆ ನೀಲಿ ಅಂತ ಯೋಚಿಸಿ ಬಹುಮಾನದ ದಾರಿ ಹಿಡಿದವರು ರಾಮನ್. 1921ರಲ್ಲಿ ಹಡಗಿನಲ್ಲಿ ಬರುವಾಗ ಅವರನ್ನು ಆ ಪ್ರಶ್ನೆಗೆ ಹಚ್ಚಿದ್ದು ಇದೇ ಮೆಡಿಟರೇನಿಯನ್ನಿನ ನೀಲಿ. ನೊಬೆಲ್ ಮನೆಯ ಬೇಲಿಯ ಹತ್ತಿರ ನಿಂತು ಆ ನೀಲಿಯನ್ನು ನೋಡುವಾಗ ನನಗೆ ಅಪ್ಪನಿಗೆ ಫೋನ್ ಮಾಡಬೇಕು ಅನ್ನಿಸಿತು, ಮಾಡಿದೆ. "ಹೌದೇನೋ, ಅಲ್ಲೇ ಇದ್ದೀಯಾ?" ಅಂದರು. ಅವರ ದನಿಯಲ್ಲಿದ್ದ ಖುಷಿಗೆ ಆ ಪ್ರಯಾಣ ಸಾರ್ಥಕ.

ಇನ್ನೊಂದು ಮನೆಯನ್ನು ಗೇಟಿನ ಹೊರಗಿಂದಷ್ಟೇ ನೋಡಿದೆವು. ಅದರ ಹೆಸರು ದೇವಾಚಾನ್. 1920ರ ಏಪ್ರಿಲ್‌ನಲ್ಲಿ ಬ್ರಿಟನ್, ಫ್ರಾನ್ಸ್, ಇಟಲಿ, ಜಪಾನ್ ಕಡೆಯವರು ಇಲ್ಲಿ ಕೂತು ಮೊದಲ ಮಹಾಯುದ್ಧದಲ್ಲಿ ಸೋತ ತುರ್ಕಿಯ ಒಟ್ಟೊಮನ್ ಸಾಮ್ರಾಜ್ಯದ ಅರಬ್ ನಾಡುಗಳನ್ನು ಹಂಚಿದರು. ಪ್ಯಾಲೆಸ್ತೀನ್ ಮತ್ತು ಇರಾಕ್ ಬ್ರಿಟನ್ನಿಗೆ, ಸಿರಿಯಾ ಮತ್ತು ಲೆಬನಾನ್ ಫ್ರಾನ್ಸಿಗೆ. ಅದೇ ಒಟ್ಟೊಮನ್ ಪ್ರಶ್ನೆಯ ಮೇಲೆಯೇ ಆಗ ನಮ್ಮ ದೇಶದಲ್ಲಿ ಖಿಲಾಫತ್ ಚಳವಳಿ ಕಾವೇರಿತ್ತು. ಹೂವಿನ ತೋಟದ ನಡುವೆ ಒಂದು ವಾರ ನಡೆದ ಮಾತುಕತೆ. ಅಲ್ಲಿ ಮಾಡಿದ ಹಂಚಿಕೆಯ ನೋವನ್ನು ಜನ ಇವತ್ತಿಗೂ ಉಣ್ಣುತ್ತಿದ್ದಾರೆ.

ಕ್ಯಾಸಿನೊ ಬಗ್ಗೆ ಜಾಸ್ತಿ ಹೇಳುವುದಿಲ್ಲ. 1905ರದ್ದು, ಬೆಳ್ಳಗೆ ಚೆಂದ ಇದೆ. 1951ರಲ್ಲಿ ಹಾಡಿನ ಉತ್ಸವ ಶುರುವಾಗಿದ್ದು ಅದರೊಳಗೇ. 1977ರಿಂದ ಅರಿಸ್ತೊನ್ ಥಿಯೇಟರ್‌ನಲ್ಲಿ ನಡೆಯುತ್ತದೆ. ಆ ವಾರ ಇಡೀ ಇಟಲಿ ಟಿವಿ ಮುಂದೆ ಕೂತಿರುತ್ತದೆ.

ಬೀಚಿನಲ್ಲಿ ಕೊಡೆಗಳನ್ನು ತೆಗೆದುಬಿಟ್ಟಿದ್ದರು. ಬೇಸಿಗೆಯ ದರದ ಬೋರ್ಡು ಮಾತ್ರ ಹಾಗೇ ಇತ್ತು. ಮೊದಲ ಸಾಲಿನ ಕೊಡೆಗೆ ಒಂದು ರೇಟು, ಹಿಂದಿನ ಸಾಲಿಗೆ ಇನ್ನೊಂದು. ಇಟಲಿಯಲ್ಲಿ ತೀರ ಸರ್ಕಾರದ್ದು, ಆದರೆ ಬಹಳ ಕಡೆ ಗುತ್ತಿಗೆಗೆ ಕೊಟ್ಟಿರುತ್ತಾರೆ. ಪುಕ್ಕಟೆ ಕೂರುವ ಜಾಗ ನಡುನಡುವೆ ಸಣ್ಣ ತುಂಡುಗಳಲ್ಲಿ. ಗೆಳೆಯನಿಗೆ ಇದು ಜೀರ್ಣವಾಗಲಿಲ್ಲ. "ಕಡಲೆದುರು ಕೂಕಂಬುಕೂ ದುಡ್ಡಾ ಮಾರಾಯಾ?" ಅಂತ ಮೂರು ಸಲ ಕೇಳಿದ. ನನಗೂ ಹಾಗೇ ಅನ್ನಿಸುತ್ತದೆ. ಕಡಲು ಎಲ್ಲರದ್ದು. ಹಿಂದೆ ಅದರ ಹತ್ತಿರ ಬರಲು ಜನ ಹೆದರುತ್ತಿದ್ದರು, ಈಗ ಹತ್ತಿರ ಬರಲು ಬಾಡಿಗೆ ಕಟ್ಟುತ್ತಾರೆ.

ಊಟಕ್ಕೆ ಸಾರ್ದೆನಾಯಿರಾ ತಿನ್ನಿ. ದಪ್ಪ ರೊಟ್ಟಿಯ ಮೇಲೆ ಟೊಮೆಟೊ, ಉಪ್ಪಿನಲ್ಲಿಟ್ಟ ಸಣ್ಣ ಮೀನು, ಸಿಪ್ಪೆ ಸಮೇತ ಬೆಳ್ಳುಳ್ಳಿ, ಕೇಪರ್ ಮೊಗ್ಗು, ಪಕ್ಕದ ತಾಜ್ಜಾ ಊರಿನ ಪುಟ್ಟ ಆಲಿವ್ ಕಾಯಿ. ಚೀಸ್ ಹಾಕುವುದಿಲ್ಲ. ಸಸ್ಯಾಹಾರಿಗಳಿಗೆ ಫರಿನಾತಾ ಇದೆ. ಕಡಲೆಹಿಟ್ಟು, ನೀರು, ಉಪ್ಪು, ಆಲಿವ್ ಎಣ್ಣೆ ಕಲಸಿ ಅಗಲವಾದ ತಾಮ್ರದ ತಟ್ಟೆಯಲ್ಲಿ ಹೊಯ್ದು ಸೌದೆ ಒಲೆಯಲ್ಲಿ ಬೇಯಿಸುತ್ತಾರೆ. ಅಂಚು ಗರಿಗರಿ, ನಡುವೆ ಮೆತ್ತಗೆ. ಮೇಲೆ ಕಾಳುಮೆಣಸಿನ ಪುಡಿ ಉದುರಿಸಿಕೊಂಡು ಬಿಸಿ ಇರುವಾಗಲೇ ತಿನ್ನಬೇಕು.

ಮಧ್ಯಾಹ್ನ ಬುಸ್ಸಾನಾ ವೆಕ್ಯಾಗೆ ಹೋದೆವು. ಪೂರ್ವದ ಗುಡ್ಡದ ಮೇಲಿನ ಹಾಳೂರು. 1887ರ ಫೆಬ್ರವರಿ 23ರ ಬೆಳಿಗ್ಗೆ ಭೂಕಂಪವಾಯಿತು. ಈ ತೀರದಲ್ಲಿ 600ಕ್ಕೂ ಹೆಚ್ಚು ಜನ ಸತ್ತರು. ಅವತ್ತು ಬೂದಿ ಬುಧವಾರ, ಬುಸ್ಸಾನಾದ ಜನ ಚರ್ಚಿನಲ್ಲಿ ಸೇರಿದ್ದಾಗ ಮಾಡು ಕುಸಿಯಿತು. ಉಳಿದವರು ಊರು ಬಿಟ್ಟು ಕಡಲಿಗೆ ಹತ್ತಿರದಲ್ಲಿ ಹೊಸ ಬುಸ್ಸಾನಾ ಕಟ್ಟಿಕೊಂಡರು. ಚರ್ಚಿನ ಗಂಟೆಗೋಪುರ ಹಾಗೇ ನಿಂತಿದೆ, ಒಳಗೆ ಆಕಾಶ ಕಾಣುತ್ತದೆ. 1950ರ ದಶಕದ ಕೊನೆಯಿಂದ ಕಲಾವಿದರು ಬಂದು ಪಾಳುಮನೆಗಳನ್ನು ಕೈಯಾರೆ ರಿಪೇರಿ ಮಾಡಿಕೊಂಡು ಸೇರಿಕೊಂಡರು. ಜಾಗ ಯಾರದ್ದು ಅನ್ನುವ ಜಗಳ ಅವರಿಗೂ ಸರ್ಕಾರಕ್ಕೂ ದಶಕಗಳಿಂದ ನಡೆದಿದೆ. ದಾರಿಯುದ್ದಕ್ಕೂ ಗುಡ್ಡದ ಮೆಟ್ಟಿಲುಗದ್ದೆಗಳಲ್ಲಿ ಹೂವಿನ ಗಾಜಿನ ಮನೆಗಳು, ಎಷ್ಟೋ ಖಾಲಿ. ಒಡೆದ ಗಾಜಿನೊಳಗೆ ಮುಳ್ಳುಬಳ್ಳಿ. ಕಾರ್ನೇಶನ್ ಹೂವಿಗೆ ಹೆಸರಾಗಿದ್ದ ತೀರ ಇದು. ಈಗ ದೂರದ ದೇಶಗಳ ಹೂವು ವಿಮಾನದಲ್ಲಿ ಬಂದು ಕಡಿಮೆ ಬೆಲೆಗೆ ಸಿಗುತ್ತದೆ.

ಸಂಜೆ ಮತ್ತೆ ಪಿನ್ಯಾ ಹತ್ತಿದೆವು, ನಮ್ಮ ಕೋಣೆ ಅಲ್ಲೇ ಇತ್ತು. ಬೆಳಿಗ್ಗೆ ಕಲ್ಲು ನೋಡಿದ್ದೆವು, ಸಂಜೆ ಜನರನ್ನು ನೋಡಿದೆವು. ಕೆಳಗೆ ಲಿಫ್ಟು, ಗ್ಯಾರೇಜು ಇರುವ ಮನೆಗಳು ಬಂದ ಮೇಲೆ ಇಲ್ಲಿನ ಹಳೆಯ ಕುಟುಂಬಗಳು ಇಳಿದುಹೋಗಿವೆ. ಬಾಡಿಗೆ ಕಡಿಮೆ ಇರುವುದರಿಂದ ಹೊರಗಿನಿಂದ ಬಂದ ಕೆಲಸಗಾರರು ಸೇರಿಕೊಂಡಿದ್ದಾರೆ. ಕಮಾನಿನ ಕೆಳಗೆ ಹುಡುಗರು ಚೆಂಡು ಒದೆಯುತ್ತಾ ಒಂದೇ ಉಸಿರಿನಲ್ಲಿ ಅರಬ್ಬಿ, ಇಟಾಲಿಯನ್ ಎರಡೂ ಮಾತಾಡುತ್ತಿದ್ದರು. ಹಿಂದೆ ಯಾವ ತೀರದವರಿಗೆ ಹೆದರಿ ಈ ಗೋಡೆ ಎದ್ದವೋ, ಅದೇ ತೀರದಿಂದ ಬಂದವರ ಮಕ್ಕಳು ಈಗ ಈ ಗೋಡೆಗಳ ನಡುವೆ ಬೆಳೆಯುತ್ತಿದ್ದಾರೆ. ಇದನ್ನು ನೋಡಿ ನನಗೆ ನಿಜಕ್ಕೂ ಸಮಾಧಾನವಾಯಿತು.

ಮೆಟ್ಟಿಲ ಮೇಲೆ ಚೀಲ ಇಟ್ಟು ಸುಧಾರಿಸಿಕೊಳ್ಳುತ್ತಿದ್ದ ವಯಸ್ಸಾದ ಹೆಂಗಸೊಬ್ಬರು ಸಿಕ್ಕರು. ಗೆಳೆಯ ಚೀಲ ಎತ್ತಿಕೊಂಡ. ಹುಟ್ಟಿದ್ದು ಇದೇ ಓಣಿಯಲ್ಲಂತೆ, ಮಕ್ಕಳು ಕೆಳಗಿದ್ದಾರಂತೆ. ಮೇಲೆ ಇದ್ದ ಅಂಗಡಿಗಳು ಒಂದೊಂದೇ ಮುಚ್ಚಿದವು, ಹಾಲಿಗೂ ಇಳಿಯಬೇಕು ಅಂದರು. ಪಕ್ಕದ ಮನೆಯ ಬಾಗಿಲಿಗೆ ನಂಬರ್ ಒತ್ತಿ ತೆಗೆಯುವ ಕೀಲಿಪೆಟ್ಟಿಗೆ ತೂಗುತ್ತಿತ್ತು. ಅಲ್ಲಿ ವಾರಕ್ಕೊಬ್ಬರು ಬರುತ್ತಾರೆ, ಒಳ್ಳೆಯವರೇ, ಆದರೆ ರಾತ್ರಿ ಎದೆನೋವು ಬಂದರೆ ತಟ್ಟಲು ಬಾಗಿಲು ಬೇಕಲ್ಲ ಅಂದರು.

ನಮ್ಮ ಕೋಣೆಯೂ ಅಂಥ ಬಾಡಿಗೆಯದ್ದೇ. ಹಾಳು ಬೀಳುವ ಮನೆಗೆ ಸುಣ್ಣ ಬಣ್ಣ ಕಾಣಿಸುವುದು ಈ ದುಡ್ಡಿನಿಂದಲೇ ಅನ್ನುವುದೂ ಸುಳ್ಳಲ್ಲ. ಆದರೂ ನನ್ನ ಮನಸ್ಸು ಆ ಅಜ್ಜಿಯ ಕಡೆಗೇ ಇದೆ. ಪಿನ್ಯಾ ಸಾವಿರ ವರ್ಷ ಉಳಿದಿರುವುದು ಮನೆಗೆ ಮನೆ ಒರಗಿಕೊಂಡಿದ್ದರಿಂದ. ಒಳಗೆ ಜನ ಇರಬೇಕು, ಅವರು ಹಾಲಿಗೆ ಕೆಳಗಿಳಿಯದ ಹಾಗೆ ಮೇಲೆ ಒಂದಾದರೂ ಅಂಗಡಿ ಇರಬೇಕು. ನಗರಸಭೆ ಮೊದಲು ಖರ್ಚು ಮಾಡಬೇಕಾದ್ದು ಇದಕ್ಕೆ, ದೀಪಾಲಂಕಾರಕ್ಕಲ್ಲ.

ಹೋಗುವವರಿದ್ದರೆ ಚಕ್ರದ ಸೂಟ್‌ಕೇಸ್ ಬೇಡ, ಬೆನ್ನಿಗೆ ಹಾಕುವ ಚೀಲ ತನ್ನಿ. ಸ್ಟೇಷನ್ ಗುಡ್ಡದ ಒಳಗಿದೆ, ಪ್ಲಾಟ್‌ಫಾರ್ಮ್‌ನಿಂದ ಹೊರಬರಲು ಉದ್ದನೆಯ ಸುರಂಗ ನಡೆಯಬೇಕು, ರೈಲಿಗೆ ಸ್ವಲ್ಪ ಮುಂಚೆಯೇ ಹೊರಡಿ. ಹಳೇ ಹಳಿ ಇದ್ದ ಜಾಗದಲ್ಲಿ ಈಗ ಕಡಲಬದಿಗೆ 24 ಕಿ.ಮೀ.ಗೂ ಉದ್ದದ ಸೈಕಲ್ ದಾರಿ ಇದೆ, ಸೈಕಲ್ ಬಾಡಿಗೆಗೆ ಸಿಗುತ್ತದೆ. ಮಂಗಳವಾರ, ಶನಿವಾರ ಬೆಳಿಗ್ಗೆ ಕೆಥೆಡ್ರಲ್ ಹತ್ತಿರದ ಚೌಕದಲ್ಲಿ ಸಂತೆ. ಪಿನ್ಯಾದಲ್ಲಿ ಉಳಿಯುವವರು ಮೇಲಕ್ಕೆ ಹೊರಡುವಾಗ ಎದುರು ಸಿಕ್ಕವರ ಚೀಲ ಎತ್ತಿಕೊಳ್ಳಿ, ಅಲ್ಲಿ ಅದಕ್ಕೆ ಯಾರೂ ಬೇಡ ಅನ್ನುವುದಿಲ್ಲ.